ಒಂಟಿಯಾದವರನ್ನು ಮೊದಲು ಎತ್ತಿದ ವಿಮಾನ: ಲೆಫ್ಟಿನೆಂಟ್ ಏಡ್ರಿಯನ್ ಮಾರ್ಕ್ಸ್ ಪ್ರಕರಣ

1945ರ ಆಗಸ್ಟ್ 2ರ ಸಂಜೆ ಐದರ ಸುಮಾರಿಗೆ, ಫಿಲಿಪ್ಪೀನ್ ಸಮುದ್ರದ ನಡುವೆ, ಅಮೆರಿಕದ ನೌಕಾಪಡೆಯ ವೈಮಾನಿಕ ಅಧಿಕಾರಿ ಲೆಫ್ಟಿನೆಂಟ್ ಏಡ್ರಿಯನ್ ಮಾರ್ಕ್ಸ್ ತಮ್ಮ ವಿಮಾನವನ್ನು ಹನ್ನೆರಡು ಅಡಿ ಎತ್ತರದ ಅಲೆಗಳ ನಡುವೆ ಇಳಿಸಿದರು. ತೆರೆದ ಸಮುದ್ರದಲ್ಲಿ ಇಳಿಯಕೂಡದು ಎಂಬ ಆದೇಶ ಜಾರಿಯಲ್ಲಿತ್ತು. ಅದನ್ನು ಮೀರಿ ಇಳಿದ ಆ ವಿಮಾನ, ಮುಳುಗಿದ ಯುಎಸ್‌ಎಸ್ ಇಂಡಿಯಾನಾಪೊಲಿಸ್ ಎಂಬ ಯುದ್ಧನೌಕೆಯ 56 ಮಂದಿಯನ್ನು ನೀರಿನಿಂದ ಎತ್ತಿಕೊಂಡಿತು. ಇಪ್ಪತ್ತೆಂಟು ವರ್ಷದ ಮಾರ್ಕ್ಸ್ ಅವರಿಗೆ ಏರ್ ಮೆಡಲ್ ಸಂದಿತು. ಪೆಸಿಫಿಕ್ ನೌಕಾದಳದ ಮುಖ್ಯಸ್ಥ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್ ಅದನ್ನು ಪ್ರದಾನ ಮಾಡಿದರು.

ಈ ಘಟನೆಯನ್ನು ಹೇಳುವವರು ಹೆಚ್ಚಾಗಿ ವಿಮಾನ ನೀರಿಗೆ ತಾಗಿದ ಕ್ಷಣವನ್ನೇ ವರ್ಣಿಸುತ್ತಾರೆ. ಎದೆಗಾರಿಕೆ ಅಲ್ಲಿತ್ತು ನಿಜ. ಆದರೆ ಈ ಪ್ರಕರಣವನ್ನು ಓದಿದಷ್ಟೂ ನನ್ನ ಗಮನ ಇಳಿದ ನಂತರದ ಹೊತ್ತಿನ ಮೇಲೆ ನಿಲ್ಲುತ್ತದೆ. ಸುತ್ತಲೂ ನೂರಾರು ಜನ ಸಾಯುತ್ತಿರುವಾಗ ಯಾರ ಬಳಿ ನಿಲ್ಲಬೇಕು, ಯಾರನ್ನು ದಾಟಿ ಮುಂದೆ ಹೋಗಬೇಕು ಎಂದು ಮಾರ್ಕ್ಸ್ ನಿರ್ಧರಿಸಬೇಕಾಗಿತ್ತು. ಅವರ ಪದಕ ಗುರುತಿಸದ ಶೌರ್ಯ ಅದು.

ಹಡಗು ಮತ್ತು ಅದರ ಕೊನೆಯ ಯಾನ

ಯುಎಸ್‌ಎಸ್ ಇಂಡಿಯಾನಾಪೊಲಿಸ್ 1932ರಲ್ಲಿ ಸೇವೆಗೆ ಸೇರಿದ ಭಾರೀ ಕ್ರೂಸರ್. 1945ರ ಮಾರ್ಚ್ 31ರಂದು ಒಕಿನಾವಾ ಬಳಿ ಜಪಾನಿನ ಆತ್ಮಾಹುತಿ ವಿಮಾನದ ಹೊಡೆತಕ್ಕೆ ಸಿಕ್ಕಿ, ದುರಸ್ತಿಗಾಗಿ ಕ್ಯಾಲಿಫೋರ್ನಿಯಾಕ್ಕೆ ಮರಳಿತ್ತು. ಜುಲೈ 16ರಂದು ಅದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟಾಗ ಹಿರೋಶಿಮಾದ ಮೇಲೆ ಬೀಳಲಿದ್ದ ಅಣುಬಾಂಬಿನ ಭಾಗಗಳು ಅದರಲ್ಲಿದ್ದವು. ಹಡಗಿನವರಿಗೆ ಆ ಗುಟ್ಟು ತಿಳಿದಿರಲಿಲ್ಲ. ಜುಲೈ 26ರಂದು ಟಿನಿಯನ್ ದ್ವೀಪದಲ್ಲಿ ಸರಕನ್ನು ಇಳಿಸಿ, ಗುವಾಮ್‌ಗೆ ಹೋಗಿ, 28ರಂದು ಅಲ್ಲಿಂದ ಫಿಲಿಪ್ಪೀನ್ಸ್‌ನ ಲೇಟೆಗೆ ಹೊರಟಿತು.

ಜೊತೆಗೆ ಬೆಂಗಾವಲು ಹಡಗು ಇರಲಿಲ್ಲ. ನೀರಿನಡಿಯ ಜಲಾಂತರ್ಗಾಮಿಯನ್ನು ಪತ್ತೆ ಮಾಡುವ ಸೋನಾರ್ ಕ್ರೂಸರಿನಲ್ಲಿ ಇರಲಿಲ್ಲ. ಆ ದಾರಿಯ ಆಸುಪಾಸಿನಲ್ಲಿ ಜಪಾನಿನ ಜಲಾಂತರ್ಗಾಮಿಗಳು ಓಡಾಡುತ್ತಿವೆ ಎಂಬ ನಿಖರ ಮಾಹಿತಿ, ನಾಲ್ಕೇ ದಿನ ಮೊದಲು ಯುಎಸ್‌ಎಸ್ ಅಂಡರ್‌ಹಿಲ್ ಎಂಬ ಬೆಂಗಾವಲು ಹಡಗು ಮುಳುಗಿದ ಸುದ್ದಿ, ಎರಡೂ ಕ್ಯಾಪ್ಟನ್ ಚಾರ್ಲ್ಸ್ ಮೆಕ್‌ವೇ ಅವರಿಗೆ ತಲುಪಲಿಲ್ಲ. ಗುವಾಮ್‌ನಲ್ಲಿ ಈ ಮಾಹಿತಿ ಕೈಯಲ್ಲಿದ್ದ ಅಧಿಕಾರಿಗಳಲ್ಲಿ ಒಬ್ಬರು ಕ್ಯಾಪ್ಟನ್ ಆಲಿವರ್ ನಾಕ್ವಿನ್. 1939ರ ಮೇ 23ರಂದು ಮುಳುಗಿದ ಸ್ಕ್ವಾಲಸ್ ಜಲಾಂತರ್ಗಾಮಿಯ ನಾಯಕ ಇವರೇ. ಸಮುದ್ರದ ತಳದಿಂದ ಜೀವಂತ ಮೇಲೆ ಬಂದ 33 ಮಂದಿಯಲ್ಲಿ ತಾವೂ ಒಬ್ಬರಾಗಿದ್ದವರು. ಮನುಷ್ಯ ಕೆಟ್ಟವನಾಗಿದ್ದರಿಂದ ಈ ಲೋಪವಾಯಿತು ಎನ್ನುವಂತಿಲ್ಲ. ರಕ್ಷಣೆಯ ಬೆಲೆ ಅವರಷ್ಟು ಬಲ್ಲವರು ಆ ಕಚೇರಿಯಲ್ಲಿ ಇನ್ಯಾರೂ ಇದ್ದಿರಲಾರರು. ಆದರೂ ಒಂದು ಮಾತು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲಿಲ್ಲ.

ಜುಲೈ 30ರ ಮಧ್ಯರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮೊಚಿತ್ಸುರಾ ಹಾಶಿಮೊಟೊ ನಾಯಕತ್ವದ ಐ-58 ಜಲಾಂತರ್ಗಾಮಿ ಬಿಟ್ಟ ಎರಡು ಟಾರ್ಪೆಡೊಗಳು ಹಡಗಿಗೆ ಬಡಿದವು. ಹನ್ನೆರಡು ನಿಮಿಷದಲ್ಲಿ ಹಡಗು ಮುಳುಗಿತು. ಅದರಲ್ಲಿದ್ದವರು 1,195 ಮಂದಿ. ಸುಮಾರು 300 ಮಂದಿ ಹಡಗಿನೊಂದಿಗೇ ಹೋದರು. ಉಳಿದ ಒಂಬೈನೂರರಷ್ಟು ಜನ ಕತ್ತಲಲ್ಲಿ, ಇಂಧನ ತೈಲ ಹರಡಿದ ನೀರಿನಲ್ಲಿದ್ದರು. ತೆಪ್ಪಗಳು ಕೆಲವೇ ಕೆಲವು.

ಯಾರೂ ಹುಡುಕದ ಮೂರೂವರೆ ದಿನ

ಜುಲೈ 31ರಂದು ಲೇಟೆ ಮುಟ್ಟಬೇಕಿದ್ದ ಹಡಗು ಮುಟ್ಟಲಿಲ್ಲ. ಯಾರೂ ಕೇಳಲಿಲ್ಲ. ಯುದ್ಧನೌಕೆಗಳು ಬಂದು ಸೇರಿದ್ದನ್ನು ವರದಿ ಮಾಡಬೇಕಿಲ್ಲ ಎಂಬ ಸುತ್ತೋಲೆ ಆಗ ಜಾರಿಯಲ್ಲಿತ್ತು. ಬಾರದೇ ಇದ್ದದ್ದನ್ನೂ ವರದಿ ಮಾಡಬೇಕಿಲ್ಲ ಎಂದು ಬಂದರಿನ ಕಚೇರಿ ಅರ್ಥ ಮಾಡಿಕೊಂಡಿತು. ಹಡಗುಗಳು ಎಲ್ಲಿವೆ ಎಂದು ಗುರುತಿಸುವ ಗುವಾಮ್‌ನ ಫಲಕದಲ್ಲಿ ಹಡಗು ಗುರಿ ಸೇರಿದೆ ಎಂದು ಭಾವಿಸಿ ಗುರುತು ತೆಗೆದರು. ಲೇಟೆಯ ಫಲಕದಲ್ಲಿ ಬಂದಿದೆ ಎಂದೇ ಭಾವಿಸಿ ಗುರುತು ಹಾಕಿದರು. ದೊಡ್ಡದೊಂದು ಹಡಗನ್ನು ಮುಳುಗಿಸಿದ್ದೇನೆ ಎಂದು ಹಾಶಿಮೊಟೊ ತಮ್ಮವರಿಗೆ ಕಳಿಸಿದ ಸಂದೇಶವನ್ನು ಅಮೆರಿಕದ ಗುಪ್ತಚರರು ಹಿಡಿದಿದ್ದರು. ಅದರ ಮೇಲೂ ಕ್ರಮವಾಗಲಿಲ್ಲ. ಇಲ್ಲಿ ಯಾರೊಬ್ಬರೂ ಕ್ರೂರವಾದದ್ದೇನನ್ನೂ ಮಾಡಿಲ್ಲ ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕಾಗದವನ್ನು ಸರಿಯಾಗಿಯೇ ತುಂಬಿದ್ದರು.

ನೀರಿನಲ್ಲಿ ಬಿದ್ದವರಿಗೆ ಮೊದಲ ರಾತ್ರಿಯ ಗಾಯಗಳೇ ಕಂಟಕವಾದವು. ಆಮೇಲೆ ಬಾಯಾರಿಕೆ. ಸಮುದ್ರದ ನೀರು ಕುಡಿದವರು ಭ್ರಮೆಗೆ ಬಿದ್ದರು, ಇಲ್ಲದ ದ್ವೀಪವನ್ನು ಕಂಡು ಅತ್ತ ಈಜಿದರು. ತೈಲ ಮತ್ತು ಬಿಸಿಲು ಕಣ್ಣುಗಳನ್ನು ಸುಟ್ಟವು. ಶಾರ್ಕ್‌ಗಳು ಬಂದವು, ಗುಂಪಿನಿಂದ ದೂರವಾದವರಿಗೆ ಅವುಗಳ ಭಯ ಹೆಚ್ಚು. ಕಪೋಕ್ ಎಂಬ ಹತ್ತಿಯಂಥ ನಾರು ತುಂಬಿದ ಜೀವರಕ್ಷಕ ಜಾಕೆಟ್‌ಗಳು ದಿನ ಕಳೆದಂತೆ ನೀರು ಹೀರಿ ಭಾರವಾದವು. ಹಡಗಿನ ವೈದ್ಯ ಲೂಯಿಸ್ ಹೇನ್ಸ್ ಸತ್ತವರ ಜಾಕೆಟ್ ಬಿಚ್ಚಿ ಬದುಕಿದ್ದವರಿಗೆ ತೊಡಿಸುತ್ತಿದ್ದರು. ಹಡಗಿನ ಪಾದ್ರಿ ಲೆಫ್ಟಿನೆಂಟ್ ಥಾಮಸ್ ಕಾನ್ವೇ ಗುಂಪಿನಿಂದ ಗುಂಪಿಗೆ ಈಜುತ್ತಾ, ಚದುರಿದವರನ್ನು ಎಳೆದು ತಂದು ಸೇರಿಸುತ್ತಾ, ಸಾಯುತ್ತಿದ್ದವರ ಪಕ್ಕದಲ್ಲಿ ಪ್ರಾರ್ಥಿಸುತ್ತಾ, ಕೊನೆಗೆ ತಾವೇ ಬಳಲಿ ನೀರಿನಲ್ಲೇ ಪ್ರಾಣಬಿಟ್ಟರು.

ಕಾನ್ವೇ ಮಾಡಿದ ಈ ಕೆಲಸವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಂಟಿಯಾದವನು ಮೊದಲು ಸಾಯುತ್ತಾನೆ ಎಂಬುದನ್ನು ಅವರು ನೀರೊಳಗಿದ್ದೇ ಕಂಡುಕೊಂಡಿದ್ದರು. ಮಾರ್ಕ್ಸ್ ಅದನ್ನೇ ಆಕಾಶದಿಂದ ಕಂಡರು.

ಕಂಡದ್ದು ಆಕಸ್ಮಿಕ

ಆಗಸ್ಟ್ 2ರ ಬೆಳಗ್ಗೆ ಪೆಲೆಲಿಯು ದ್ವೀಪದಿಂದ ಜಲಾಂತರ್ಗಾಮಿಗಳ ಪಹರೆಗೆ ಹೊರಟಿದ್ದ ವೆಂಚುರಾ ವಿಮಾನದ ಪೈಲಟ್ ವಿಲ್ಬರ್ ಗ್ವಿನ್ ಅವರಿಗೆ ಬಾಲದ ಹಿಂದೆ ನೇತಾಡುವ ಆಂಟೆನಾ ತೊಂದರೆ ಕೊಡುತ್ತಿತ್ತು. ಅದನ್ನು ನೋಡಲು ವಿಮಾನದ ಹಿಂಭಾಗಕ್ಕೆ ಹೋದಾಗ ಕೆಳಗೆ ತೈಲದ ಪದರ ಕಣ್ಣಿಗೆ ಬಿತ್ತು. ಶತ್ರುವಿನ ಜಲಾಂತರ್ಗಾಮಿ ಇರಬೇಕೆಂದು ಬಾಂಬ್ ಹಾಕಲು ಸಿದ್ಧರಾಗಿ ಕೆಳಗಿಳಿದರು. ತೈಲದ ನಡುವೆ ತಲೆಗಳು ಕಂಡವು. ನೀರಿನಲ್ಲಿ ಬಹಳ ಜನ ಇದ್ದಾರೆ ಎಂಬ ಅವರ ರೇಡಿಯೊ ಸಂದೇಶದೊಂದಿಗೆ ಮೂರೂವರೆ ದಿನಗಳ ಮೌನ ಮುರಿಯಿತು.

ಮಧ್ಯಾಹ್ನ ಮಾರ್ಕ್ಸ್ ಪೆಲೆಲಿಯುವಿನಿಂದ ಹಾರಿದರು. ಅವರದು ಪಿಬಿವೈ ಕ್ಯಾಟಲಿನಾ: ಕೆಳಭಾಗ ದೋಣಿಯಂತಿರುವ, ನೀರಿನ ಮೇಲೂ ನೆಲದ ಮೇಲೂ ಇಳಿಯಬಲ್ಲ ವಿಮಾನ. ನೀರಿನಲ್ಲಿರುವವರು ಯಾರು, ಎಷ್ಟು ಮಂದಿ ಎಂಬುದು ಹೊರಡುವಾಗ ಅವರಿಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಕೆಳಗೆ ಯುಎಸ್‌ಎಸ್ ಸೆಸಿಲ್ ಡಾಯ್ಲ್ ಎಂಬ ಬೆಂಗಾವಲು ಹಡಗು ಕಂಡಿತು. ಅದರ ನಾಯಕ ಗ್ರಹಾಂ ಕ್ಲೇಟರ್ ಅವರಿಗೆ ರೇಡಿಯೊದಲ್ಲಿ ವಿಷಯ ತಿಳಿಸಿದರು. ಕ್ಲೇಟರ್ ಮೇಲಿನವರ ಆದೇಶಕ್ಕೆ ಕಾಯದೆ ಹಡಗನ್ನು ತಿರುಗಿಸಿದರು. ಇದು ಸಣ್ಣ ವಿಷಯವಲ್ಲ. ಅಂದು ಕೇಳದೆ ಮಾಡಿದ ಒಳ್ಳೆಯ ಕೆಲಸಗಳ ಸರಣಿ ಇಲ್ಲಿಂದಲೇ ಆರಂಭವಾಗುತ್ತದೆ.

ಸುಮಾರು ಮೂರು ಗಂಟೆ ಹಾರಿ ಮಾರ್ಕ್ಸ್ ಸ್ಥಳ ತಲುಪಿದರು. ತೆಪ್ಪಗಳನ್ನೂ ಸಾಮಗ್ರಿಯನ್ನೂ ಮೇಲಿನಿಂದ ಹಾಕಿದರು. ಅಲ್ಲಿಗೆ ಅವರಿಗೆ ವಹಿಸಿದ ಕೆಲಸ ಮುಗಿದಂತೆಯೇ. ಅಷ್ಟಕ್ಕೇ ಬಿಟ್ಟು ಮರಳಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಇಳಿಯುವ ನಿರ್ಧಾರ

ತೆರೆದ ಸಮುದ್ರದಲ್ಲಿ ಇಳಿಯಕೂಡದೆಂಬ ನಿಷೇಧಕ್ಕೆ ಬಲವಾದ ಕಾರಣವಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಕ್ಯಾಟಲಿನಾ ಇಳಿಯಲು ತಯಾರಾದದ್ದು ಬಂದರು, ಕೊಲ್ಲಿಗಳ ಶಾಂತ ನೀರಿನ ಮೇಲೆ. ತೆರೆದ ಸಮುದ್ರದ ಉಬ್ಬಲೆಗೆ ತಪ್ಪಾಗಿ ತಾಗಿದರೆ ಅದರ ತೆಳುವಾದ ಲೋಹದ ಒಡಲು ಬಿರಿಯುತ್ತದೆ. ಆಗ ರಕ್ಷಕರೇ ನೀರುಪಾಲಾಗುತ್ತಾರೆ, ಮೇಲಿನಿಂದ ನೋಡುವ ಕಣ್ಣೂ ಹೋಗುತ್ತದೆ. ಮಾರ್ಕ್ಸ್ ಆಗಲಿ ಅವರ ಜೊತೆಗಾರರಾಗಲಿ ತೆರೆದ ಸಮುದ್ರದಲ್ಲಿ ಅದುವರೆಗೆ ಇಳಿದವರಲ್ಲ.

ಹಾಗಾದರೆ ಏಕೆ ಇಳಿದರು? ಮೇಲಿನಿಂದ ಅವರಿಗೆ ಎರಡು ಸಂಗತಿ ಕಂಡವು. ತೆಪ್ಪ ಹಿಡಿದವರೂ ಒಬ್ಬರಿಗೊಬ್ಬರು ಆತುಕೊಂಡ ಗುಂಪುಗಳೂ ಒಂದೆಡೆ. ಯಾವ ಆಸರೆಯೂ ಇಲ್ಲದೆ ಅಲ್ಲೊಬ್ಬ ಇಲ್ಲೊಬ್ಬ ತೇಲುತ್ತಿದ್ದವರು ಇನ್ನೊಂದೆಡೆ. ಈ ಎರಡನೆಯವರ ಮೇಲೆ ಶಾರ್ಕ್‌ಗಳು ಎರಗುತ್ತಿದ್ದವು. ಹಡಗುಗಳು ಬರುವಷ್ಟರಲ್ಲಿ ಕತ್ತಲಾಗುತ್ತದೆ, ಒಂಟಿಯಾಗಿ ತೇಲುವ ಒಂದು ತಲೆಯನ್ನು ಕತ್ತಲಲ್ಲಿ ಯಾವ ಹಡಗೂ ಕಾಣಲಾರದು, ಆ ರಾತ್ರಿಯನ್ನು ಅವರು ದಾಟಲಾರರು. ಮಾರ್ಕ್ಸ್ ತಮ್ಮ ಜೊತೆಗಿದ್ದವರ ಅಭಿಪ್ರಾಯ ಕೇಳಿದರು. ಇಳಿಯೋಣ ಎಂದರು ಅವರು. ಅಪಾಯದಲ್ಲಿ ಪಾಲುಗೊಳ್ಳುವವರ ಒಪ್ಪಿಗೆ ಪಡೆದದ್ದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇತರರ ಪ್ರಾಣವನ್ನು ಪಣಕ್ಕಿಡುವ ಹಕ್ಕು ನಾಯಕನಿಗೆ ಕಾನೂನಿನಂತೆ ಇರಬಹುದು. ಮಾರ್ಕ್ಸ್ ಅಷ್ಟರಿಂದ ತೃಪ್ತರಾಗಲಿಲ್ಲ.

ಎಂಜಿನ್ನಿನ ಬಲವನ್ನು ಉಳಿಸಿಕೊಂಡೇ ವೇಗ ತಗ್ಗಿಸಿ, ಮೂತಿ ಎತ್ತಿ, ಎರಡು ಅಲೆಗಳ ನಡುವಿನ ತಗ್ಗಿಗೆ ವಿಮಾನವನ್ನು ಬೀಳಿಸಿದರು. ಅದು ತಾಗಿ ಪುಟಿಯಿತು, ಮತ್ತೆ ಬಡಿದು ಪುಟಿಯಿತು, ಆಮೇಲೆ ನೀರಿನ ಮೇಲೆ ಕೂತಿತು. ರಿವೆಟ್‌ಗಳು ಕಿತ್ತುಹೋದವು, ಜೋಡಣೆಗಳು ಬಾಯಿಬಿಟ್ಟವು, ಒಳಗೆ ನೀರು ನುಗ್ಗತೊಡಗಿತು. ಸಿಬ್ಬಂದಿ ಕೈಗೆ ಸಿಕ್ಕಿದ್ದನ್ನು ತುರುಕಿ ತೂತುಗಳನ್ನು ಮುಚ್ಚಿದರು, ನೀರನ್ನು ಹೊರಚೆಲ್ಲುತ್ತಲೇ ಇದ್ದರು. ಮತ್ತೆ ಹಾರುವ ಆಸೆ ಅಲ್ಲಿಗೇ ಮುಗಿಯಿತು.

ಯಾರನ್ನು ದಾಟಿ ಹೋಗಬೇಕು

ಈಗ ಮಾರ್ಕ್ಸ್ ಕೈಯಲ್ಲಿದ್ದದ್ದು ಹಾರಲಾಗದ, ಸೋರುತ್ತಿರುವ ಒಂದು ದೋಣಿ. ಅಲೆಗಳ ತಗ್ಗಿನಲ್ಲಿ ಕುಳಿತಾಗ ಸುತ್ತಲಿನ ನೀರಿನ ಗೋಡೆಯಾಚೆ ಏನೂ ಕಾಣುತ್ತಿರಲಿಲ್ಲ. ಗ್ವಿನ್ ಅವರ ದಳದ ಮುಖ್ಯಸ್ಥ ಜಾರ್ಜ್ ಆಟ್‌ಬೆರಿ ಮೇಲೆ ಇನ್ನೊಂದು ವಿಮಾನದಲ್ಲಿ ಸುತ್ತುತ್ತಿದ್ದರು. ಒಂಟಿಯಾಗಿರುವವರು ಎಲ್ಲೆಲ್ಲಿದ್ದಾರೆ ಎಂದು ಅವರು ರೇಡಿಯೊದಲ್ಲಿ ಹೇಳಿದಂತೆ ಮಾರ್ಕ್ಸ್ ಅತ್ತ ಸಾಗುತ್ತಿದ್ದರು. ಹಿಂಭಾಗದ ಪಕ್ಕದ ಬಾಗಿಲಿನಲ್ಲಿ ನಿಂತ ಸಿಬ್ಬಂದಿ ಹಗ್ಗ ಎಸೆದು, ಏಣಿ ಇಳಿಸಿ, ಚರ್ಮ ಸುಲಿದ, ತೈಲದಲ್ಲಿ ಜಾರುವ ದೇಹಗಳನ್ನು ಒಳಗೆ ಎಳೆಯುತ್ತಿದ್ದರು. ಏಣಿ ಹತ್ತುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

ದಾರಿಯಲ್ಲಿ ಗುಂಪುಗಳು ಸಿಗುತ್ತಿದ್ದವು. ಕೈ ಎತ್ತುತ್ತಿದ್ದರು, ಕೂಗುತ್ತಿದ್ದರು. ಮೂರೂವರೆ ದಿನ ಕಾದವರ ಮುಂದೆ ರಕ್ಷಣೆ ಬಂದು, ಅವರನ್ನು ಎತ್ತಿಕೊಳ್ಳದೆ ಮುಂದೆ ಸಾಗಿತು. ಗುಂಪಿನ ಹತ್ತಿರ ನಿಂತರೆ ಎಲ್ಲರೂ ಒಟ್ಟಿಗೆ ವಿಮಾನಕ್ಕೆ ಜೋತುಬೀಳುವ ಅಪಾಯವಿತ್ತು. ಅದಕ್ಕಿಂತ ದೊಡ್ಡ ಕಾರಣ, ಗುಂಪಿನಲ್ಲಿರುವವರಿಗೆ ಇನ್ನೊಂದಿಷ್ಟು ಹೊತ್ತು ತಾಳಿಕೊಳ್ಳುವ ಸಾಧ್ಯತೆ ಇತ್ತು. ಜಾಗ ಸೀಮಿತ, ಬೆಳಕು ಸೀಮಿತ. ಹಾಗಾಗಿ ಪ್ರತಿಯೊಂದು ಜಾಗವೂ ಬೇರೆ ಯಾರಿಂದಲೂ ಬದುಕಿಸಲಾಗದವನಿಗೆ ಸಲ್ಲಬೇಕು.

ಈ ತರ್ಕ ಕಾಗದದ ಮೇಲೆ ಸರಳ. ದುರಂತದ ಸ್ಥಳದಲ್ಲಿ ವೈದ್ಯರು ಗಾಯಾಳುಗಳನ್ನು ವಿಂಗಡಿಸುವುದು ಇದೇ ಕ್ರಮದಲ್ಲಿ. ಆದರೆ ಆ ವೈದ್ಯರಿಗೆ ಅದಕ್ಕಾಗಿ ತರಬೇತಿ ಇರುತ್ತದೆ. ಮಾರ್ಕ್ಸ್ ಕಾನೂನು ಓದಿದ ಇಂಡಿಯಾನಾದ ಯುವಕ, ವೃತ್ತಿಯಿಂದ ಆಗ ಪೈಲಟ್. ಅವರು ಎತ್ತಿಕೊಳ್ಳದೆ ಹೋದವರಲ್ಲಿ ಕೆಲವರು ಹಡಗು ಬರುವ ಮೊದಲೇ ಸತ್ತಿರಬಹುದು ಎಂಬುದನ್ನು ಅವರು ಆ ಹೊತ್ತಿನಲ್ಲೇ ಬಲ್ಲವರಾಗಿದ್ದರು. ಕೂಗುವವನನ್ನು ಎತ್ತುವುದು ಸಹಜ; ಕೂಗಲು ದನಿಯೂ ಇಲ್ಲದವನನ್ನು ಹುಡುಕಿಕೊಂಡು ಹೋಗಲು, ಕೂಗುವವನ ಮುಖ ನೋಡಿಯೂ ದಾಟಿ ಹೋಗಲು, ಬೇರೆ ಬಗೆಯ ಧೈರ್ಯ ಬೇಕು. ಪ್ರಾಣಭಯವನ್ನು ಗೆದ್ದವರಿಗೆಲ್ಲ ಅದು ಇರುತ್ತದೆಂದು ಹೇಳಲಾಗದು.

ಒಡಲು ತುಂಬಿತು. ಆಮೇಲೆ ಎತ್ತಿದವರನ್ನು ರೆಕ್ಕೆಗಳ ಮೇಲೆ ಮಲಗಿಸಿ, ಜಾರಿ ಬೀಳದಂತೆ ಪ್ಯಾರಾಚೂಟ್ ಬಟ್ಟೆ ಮತ್ತು ದಾರದಿಂದ ಕಟ್ಟಿದರು. ಅವರ ಕಾಲಡಿಯಲ್ಲಿ ರೆಕ್ಕೆಯ ಹೊದಿಕೆ ತೂತುಬಿದ್ದು ಹೋಯಿತು. ಇದ್ದ ಸ್ವಲ್ಪ ಕುಡಿಯುವ ನೀರನ್ನು ಅಳೆದು ಹಂಚಿದರು. ಇವರೆಲ್ಲ ಇಂಡಿಯಾನಾಪೊಲಿಸ್‌ನವರು ಎಂಬುದು ಮಾರ್ಕ್ಸ್ ಅವರಿಗೆ ತಿಳಿದದ್ದು ಎತ್ತಿದವರ ಬಾಯಿಂದಲೇ.

ಆ ರಾತ್ರಿಯ ದೀಪಗಳು

ಮಧ್ಯರಾತ್ರಿಯ ಹೊತ್ತಿಗೆ ಡಾಯ್ಲ್ ಹತ್ತಿರವಾಯಿತು. ಜಲಾಂತರ್ಗಾಮಿ ಇರಬಹುದಾದ ನೀರಿನಲ್ಲಿ ಯುದ್ಧನೌಕೆ ದೀಪ ಹಚ್ಚುವುದೆಂದರೆ ತಾನೇ ಗುರಿಯಾದಂತೆ. ಕ್ಲೇಟರ್ ದೊಡ್ಡ ಶೋಧದೀಪವನ್ನು ಮೋಡಗಳತ್ತ ತಿರುಗಿಸಿದರು. ಹತ್ತಾರು ಮೈಲಿ ಹರಡಿಹೋಗಿದ್ದವರಿಗೆ ಅದು ಕಂಡಿತು. ಇನ್ನಷ್ಟು ಹೊತ್ತು ತಾಳಲು ಆ ಬೆಳಕೇ ಕಾರಣವಾಯಿತೆಂದು ಬದುಕುಳಿದವರು ಮುಂದೆ ಹೇಳಿಕೊಂಡರು. ಮಾರ್ಕ್ಸ್ ದಾಟಿ ಹೋಗಿದ್ದ ಗುಂಪುಗಳ ಬದುಕು ನಿಂತಿದ್ದದ್ದು ಈ ದೀಪದ ಮೇಲೆ. ಒಬ್ಬರ ನಿರ್ಧಾರವನ್ನು ಇನ್ನೊಬ್ಬರ ನಿರ್ಧಾರ ಪೂರ್ಣಗೊಳಿಸಿತು; ಕ್ಲೇಟರ್ ಬೇಗ ಹೊರಡದೆ ಇದ್ದಿದ್ದರೆ ಮಾರ್ಕ್ಸ್ ಲೆಕ್ಕಾಚಾರ ತಪ್ಪಾಗುತ್ತಿತ್ತು. ಈ ಕ್ಲೇಟರ್ ಮುಂದೆ 1977ರಲ್ಲಿ ಅಮೆರಿಕದ ನೌಕಾಪಡೆಯ ಕಾರ್ಯದರ್ಶಿಯಾದರು.

ಡಾಯ್ಲ್ ಕ್ಯಾಟಲಿನಾದಲ್ಲಿದ್ದ 56 ಮಂದಿಯನ್ನು ಹತ್ತಿಸಿಕೊಂಡಿತು. ಬ್ಯಾಸೆಟ್, ರಿಂಗ್‌ನೆಸ್, ಟಾಲ್ಬಟ್ ಮೊದಲಾದ ಹಡಗುಗಳು ಬಂದು ಉಳಿದವರನ್ನು ಎತ್ತಿದವು. ಬದುಕಿ ಉಳಿದವರು 316 ಮಂದಿ. ಮರುದಿನ ಬೆಳಗ್ಗೆ ಕೆಟ್ಟುಹೋಗಿದ್ದ ಕ್ಯಾಟಲಿನಾವನ್ನು ಡಾಯ್ಲ್ ತನ್ನ ಫಿರಂಗಿಯಿಂದ ಹೊಡೆದು ಮುಳುಗಿಸಿತು.

ಪದಕಗಳು ಮತ್ತು ಶಿಕ್ಷೆಗಳು

ಹಡಗು ಮುಳುಗಿದ ಸುದ್ದಿ ಸಾರ್ವಜನಿಕರಿಗೆ ಗೊತ್ತಾದದ್ದು ಆಗಸ್ಟ್ ಮಧ್ಯದಲ್ಲಿ, ಜಪಾನ್ ಶರಣಾದ ಸುದ್ದಿಯ ಜೊತೆಗೆ. ಆ ಸಂಭ್ರಮದಲ್ಲಿ 879 ಸಾವುಗಳು ಪತ್ರಿಕೆಗಳ ಮೂಲೆ ಸೇರಿದವು. ಡಿಸೆಂಬರಿನಲ್ಲಿ ಕ್ಯಾಪ್ಟನ್ ಮೆಕ್‌ವೇ ಸೇನಾ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಟಾರ್ಪೆಡೊ ತಪ್ಪಿಸಲು ಅಂಕುಡೊಂಕಾಗಿ ಹಡಗು ನಡೆಸದೆ ಅದನ್ನು ಅಪಾಯಕ್ಕೆ ಒಡ್ಡಿದರು ಎಂಬ ಆರೋಪದಲ್ಲಿ ಅವರು ತಪ್ಪಿತಸ್ಥರಾದರು. ಹಾಗೆ ನಡೆಸಿದ್ದರೂ ಫಲಿತಾಂಶ ಬದಲಾಗುತ್ತಿರಲಿಲ್ಲ ಎಂದು ಹಾಶಿಮೊಟೊ ಅವರೇ ಬಂದು ಸಾಕ್ಷಿ ಹೇಳಿದ್ದರು. ಶಿಕ್ಷೆ ಮನ್ನಾ ಆಯಿತು, ಕಳಂಕ ಉಳಿಯಿತು. ತೀರದ ಕಚೇರಿಗಳ ಅಧಿಕಾರಿಗಳಿಗೆ ಕೊಟ್ಟ ವಾಗ್ದಂಡನೆಯ ಪತ್ರಗಳನ್ನು ಮರುವರ್ಷ ಹಿಂತೆಗೆದುಕೊಳ್ಳಲಾಯಿತು. 1968ರಲ್ಲಿ ಮೆಕ್‌ವೇ ಆತ್ಮಹತ್ಯೆ ಮಾಡಿಕೊಂಡರು. ಬದುಕುಳಿದವರು ದಶಕಗಳ ಕಾಲ ಹೋರಾಡಿದ ಮೇಲೆ 2000ರಲ್ಲಿ ಅಮೆರಿಕದ ಸಂಸತ್ತು ಅವರನ್ನು ದೋಷಮುಕ್ತರೆಂದು ನಿರ್ಣಯಿಸಿತು. 2001ರಲ್ಲಿ ನೌಕಾಪಡೆಯ ದಾಖಲೆಯಲ್ಲಿ ಅದು ಸೇರಿತು. ಈ ಅನ್ಯಾಯವನ್ನು ಓದುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಮಾರ್ಕ್ಸ್ ಪದಕದ ವಿಷಯಕ್ಕೆ ಬರೋಣ. ಏರ್ ಮೆಡಲ್ 1942ರಲ್ಲಿ ಸ್ಥಾಪನೆಯಾದದ್ದು. ಹಾರಾಟದಲ್ಲಿ ತೋರಿದ ಪ್ರಶಂಸನೀಯ ಸಾಧನೆಗೆ ಕೊಡುವಂಥದ್ದು. ಅದೇ 1942ರಲ್ಲಿ ಸ್ಥಾಪನೆಯಾದ ಇನ್ನೊಂದು ಗೌರವ ನೌಕಾ ಮತ್ತು ಮರೀನ್ ಪಡೆ ಪದಕ. ಶತ್ರುವಿನೊಂದಿಗೆ ನೇರ ಕಾದಾಟವಿಲ್ಲದ ಸಂದರ್ಭದಲ್ಲಿ ಪ್ರಾಣವನ್ನು ಪಣಕ್ಕಿಟ್ಟು ತೋರಿದ ಶೌರ್ಯಕ್ಕೆ ಮೀಸಲಾದದ್ದು ಅದು. 1943ರ ಆಗಸ್ಟ್‌ನಲ್ಲಿ ಪಿಟಿ-109 ದೋಣಿ ಸೀಳಿಹೋದಾಗ ತಮ್ಮವರನ್ನು ಉಳಿಸಿದ್ದಕ್ಕೆ, ಮುಂದೆ ಅಧ್ಯಕ್ಷರಾದ ಜಾನ್ ಕೆನಡಿ ಅವರಿಗೆ ಕೊಟ್ಟದ್ದು ಇದೇ ಪದಕ. ಮಾರ್ಕ್ಸ್ ತಮ್ಮ 56 ಮಂದಿಯನ್ನು ಎತ್ತಿದ್ದು ಹಾರಾಟದಲ್ಲಲ್ಲ. ಅಷ್ಟೂ ಹೊತ್ತು ಅವರ ವಿಮಾನ ಹಾರಲಾಗದ ಸ್ಥಿತಿಯಲ್ಲಿತ್ತು.

ಮಾರ್ಕ್ಸ್ ಇಂಡಿಯಾನಾಕ್ಕೆ ಮರಳಿ ಫ್ರಾಂಕ್‌ಫರ್ಟ್ ಎಂಬ ಊರಿನಲ್ಲಿ ವಕೀಲಿಕೆ ಮಾಡಿದರು. 1998ರಲ್ಲಿ ತೀರಿಕೊಂಡರು. ಬದುಕುಳಿದವರ ಪುನರ್ಮಿಲನಗಳಲ್ಲಿ ಅವರಿಗೆ ಸಿಕ್ಕ ಪ್ರೀತಿ ಯಾವ ಪದಕಕ್ಕೂ ಕಡಿಮೆಯದಲ್ಲ. ಆದರೆ ಅಧಿಕೃತ ದಾಖಲೆ ಬೇರೆಯೇ ಮಾತು, ಮತ್ತು ಅದನ್ನು ತಿದ್ದಲು ಬರುತ್ತದೆ. ಪಾದ್ರಿ ಕಾನ್ವೇ ಅವರಿಗೆ ನೌಕಾಪಡೆಯ ಉನ್ನತ ಶೌರ್ಯ ಪದಕವಾದ ನೇವಿ ಕ್ರಾಸ್ ಸಂದದ್ದು 2021ರ ಜನವರಿಯಲ್ಲಿ, ಸತ್ತು ಎಪ್ಪತ್ತೈದು ವರ್ಷ ಕಳೆದ ಮೇಲೆ. ಚದುರಿದವರನ್ನು ಗುಂಪಿಗೆ ಎಳೆದು ತಂದ ಕಾನ್ವೇ ಕೆಲಸವನ್ನೇ, ಮೂರು ದಿನದ ನಂತರ, ಸೋರುವ ವಿಮಾನದಲ್ಲಿ ಮಾರ್ಕ್ಸ್ ಮುಂದುವರಿಸಿದರು. ಒಬ್ಬರ ಕಡತವನ್ನು ಇಷ್ಟು ತಡವಾಗಿ ತೆರೆಯಲು ಸಾಧ್ಯವಾದರೆ ಇನ್ನೊಬ್ಬರದನ್ನೂ ತೆರೆಯಬೇಕು. ಮರಣೋತ್ತರವಾಗಿ ಮಾರ್ಕ್ಸ್ ಅವರಿಗೆ ನೌಕಾ ಮತ್ತು ಮರೀನ್ ಪಡೆ ಪದಕ ಸಲ್ಲಬೇಕೆಂಬುದು ನನ್ನ ನಿಲುವು. ಅದರ ಪ್ರಶಸ್ತಿಪತ್ರದಲ್ಲಿ ಅವರು ಎಲ್ಲಿ ಇಳಿದರು ಎಂಬುದರ ಜೊತೆಗೆ ಯಾರನ್ನು ಮೊದಲು ಎತ್ತಿದರು, ಏಕೆ ಎಂಬುದೂ ಬರೆದಿರಬೇಕು.